ಐರ್ಲೆಂಡಿನ ನಾಡುಣ್ಣೆಯೂ ಅದನ್ನು ಬೇಡುವ ಕಸುಬುದಾರರೂ

ಐರ್ಲೆಂಡು ಮಳೆಯಿಂದಲೂ ಹುಲ್ಲಿನಿಂದಲೂ ಸಮೃದ್ಧವಾದ ದ್ವೀಪವು. ಅಲ್ಲಿಯ ಗಣರಾಜ್ಯದಲ್ಲಿ 2022ನೆಯ ಇಸವಿಯ ಡಿಸೆಂಬರು ಗಣತಿಯಂತೆ ಸುಮಾರು 40 ಲಕ್ಷ ಕುರಿಗಳಿದ್ದುವು. ಇಷ್ಟು ಮಂದೆಗಳಿರುವ ನಾಡಿನಲ್ಲಿ ಉಣ್ಣೆಯಿಂದ ಒಕ್ಕಲಿಗನಿಗೆ ಒಳ್ಳೆಯ ಆದಾಯವಿರಬೇಕೆಂದು ಯಾರಾದರೂ ಎಣಿಸುವರು. ಸಂಗತಿಯು ಇದಕ್ಕೆ ವಿರುದ್ಧವಾಗಿರುವುದು. 2020-21ರ ಸುಮಾರಿಗೆ ತಗ್ಗುನಾಡಿನ ಉಣ್ಣೆಗೆ ಕಿಲೋಗ್ರಾಮಿಗೆ 20 ಸೆಂಟಿನಷ್ಟು ಮಾತ್ರ ದೊರೆಯುತ್ತಿದ್ದಿತು. ಗುಡ್ಡಗಾಡಿನ ಕರಿಮುಖದ ಕುರಿಯ ಒರಟು ಉಣ್ಣೆಗೆ 5 ಸೆಂಟು. ನೂರು ಸೆಂಟು ಸೇರಿದರೆ ಒಂದು ಯೂರೋ. ಒಂದು ಕುರಿಯಿಂದ ಬರುವ ಉಣ್ಣೆಯು ಎರಡು ಮೂರು ಕಿಲೋಗ್ರಾಮು. ಅದನ್ನು ಕತ್ತರಿಸುವವನ ಕೂಲಿಯೋ ಎರಡು ಯೂರೋಗಳಿಗೂ ಮೀರುವುದು. ಹಾಗೆಂದು ಕತ್ತರಿಸದೆ ಬಿಡುವಂತಿಲ್ಲ. ಬೇಸಗೆಯಲ್ಲಿ ಉಣ್ಣೆ ಹೊತ್ತ ಕುರಿಯ ಮೈಮೇಲೆ ನೊಣಗಳು ಮೊಟ್ಟೆಯಿಟ್ಟು, ಹುಳು ಬಿದ್ದು, ಕುರಿಯೇ ನಷ್ಟವಾಗುವುದು. ಆದಕಾರಣ ರೈತನು ಪ್ರತಿ ಕುರಿಗೂ ಕೈಯಿಂದ ಹಣ ತೆತ್ತು ಉಣ್ಣೆಯನ್ನು ಬಿಟ್ಟುಕೊಡುವಂತಾಯಿತು.

ಇದಕ್ಕೆ ಉಣ್ಣೆಯ ಒರಟುತನವೊಂದೇ ಕಾರಣವಲ್ಲ. ಕರಿಮುಖದ ಕುರಿಯ ಎಳೆಯು 30 ಮೈಕ್ರಾನಿಗಿಂತ ದಪ್ಪವಾದುದರಿಂದ ಮೈಗೆ ಒತ್ತಿ ತೊಡುವ ಬಟ್ಟೆಗೆ ಒಗ್ಗದು. ಜಮಖಾನೆ, ಹಾಸಿಗೆ, ದಪ್ಪ ಹೊದಿಕೆಗಳಿಗೆ ಸಲ್ಲುವುದು. ಆ ಸ್ಥಾನವನ್ನು ಕೃತಕ ಎಳೆಗಳು ಆಕ್ರಮಿಸಿದುವು. ಆದರೆ ಸೋಜಿಗದ ವಿಷಯವೇನೆಂದರೆ, ಪ್ರವಾಸಿಗರು ಐರ್ಲೆಂಡಿನ ಗುರುತೆಂದು ಕೊಳ್ಳುವ ಅರಾನ್ ದ್ವೀಪದ ಹೆಣಿಗೆಯ ಅಂಗಿಗಳಲ್ಲಿ ಅನೇಕವು ಹೊರದೇಶದ ಮೆರಿನೋ ಉಣ್ಣೆಯಿಂದಾದುವು. ನಾಡಿನ ಉಣ್ಣೆಯನ್ನೇ ಬಯಸುವ ನೇಕಾರರೂ ನೂಲುವವರೂ ಇಲ್ಲದಿಲ್ಲ. ಬೆಳೆದವನು ಅವರನ್ನರಿಯನು, ಅವರು ಇವನನ್ನರಿಯರು. ನಡುವೆ ವರ್ತಕನು ಎಲ್ಲ ತಳಿಗಳ ಉಣ್ಣೆಯನ್ನೂ ಒಂದೇ ಮೂಟೆಗೆ ತುಂಬುವುದರಿಂದ ಅದು ಯಾವ ಹಟ್ಟಿಯದೆಂಬ ಗುರುತೇ ಉಳಿಯದು.

ಈ ಕೈಗಾರಿಕೆಯು ಹಿಂದೆಯೂ ಪೆಟ್ಟು ತಿಂದುದೇ. 1699ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಐರ್ಲೆಂಡಿನ ಉಣ್ಣೆಬಟ್ಟೆಯು ಪರದೇಶಗಳಿಗೆ ಹೋಗದಂತೆ ಶಾಸನ ಮಾಡಿತು. 1891ರಲ್ಲಿ ಏರ್ಪಟ್ಟ ಬಡ ಜಿಲ್ಲೆಗಳ ಸುಧಾರಣಾ ಮಂಡಲಿಯು ಡೊನೆಗಾಲ್ ಪ್ರಾಂತದ ಮನೆನೇಕಾರರಿಗೆ ಉತ್ತಮ ಮಗ್ಗಗಳನ್ನು ಪರಿಚಯಿಸಿದುದಲ್ಲದೆ, ನೇಯ್ದ ಥಾನುಗಳನ್ನು ಪರೀಕ್ಷಿಸಿ ಒಳ್ಳೆಯವಕ್ಕೆ ಮುದ್ರೆಯೊತ್ತಿಸಿತು. ಕಾಣದ ನೇಕಾರನ ಮಾಲನ್ನು ದೂರದ ವ್ಯಾಪಾರಿಯು ನಂಬಿ ಕೊಳ್ಳಲು ಆ ಮುದ್ರೆಯು ಆಧಾರವಾಯಿತು. ಮಗ್ಗಕ್ಕಿಂತಲೂ ಮುದ್ರೆಯೇ ಹೆಚ್ಚು ಉಪಕಾರ ಮಾಡಿತೆಂದರೆ ತಪ್ಪಾಗಲಾರದು.

ಈಚಿನ ಪ್ರಯತ್ನಗಳಲ್ಲಿ ಗಾಲ್ವೇ ತಳಿಯ ಕುರಿಗಾರರದು ಗಮನಾರ್ಹವಾದುದು. ಈ ತಳಿಯ ವಂಶಾವಳಿಯನ್ನಿಡುವ ಸಂಘವು 1923ರಷ್ಟು ಹಳೆಯದು. ಈಗ ಕೆಲವು ವರ್ಷಗಳ ಹಿಂದೆ ಈ ಕುರಿಗಾರರು ಉಣ್ಣೆಗಾಗಿಯೇ ಸಹಕಾರ ಸಂಘವೊಂದನ್ನು ಕಟ್ಟಿ, ಗೊತ್ತಾದ ದಿನ ಗೊತ್ತಾದ ಸ್ಥಳಕ್ಕೆ ತಂತಮ್ಮ ಉಣ್ಣೆಯನ್ನು ತಂದು, ಒಂದೇ ತಳಿಯ ಮಾಲೆಂದು ಒಟ್ಟಾಗಿ ಡೊನೆಗಾಲಿನ ನೂಲಿನ ಗಿರಣಿಗೆ ನೇರವಾಗಿ ಮಾರಿದರು. ದೊರೆತ ಬೆಲೆಯು ಪೇಟೆಯ ಧಾರಣೆಗೆ ಹಲವು ಮಡಿಯಾಗಿದ್ದಿತು. 2023ರಲ್ಲಿ ರೈತರು, ವರ್ತಕರು, ನೇಕಾರರು, ವಿನ್ಯಾಸಗಾರರು ಇವರನ್ನೆಲ್ಲ ಒಂದೆಡೆ ಸೇರಿಸುವುದಕ್ಕಾಗಿ ಐರಿಷ್ ಉಣ್ಣೆಯ ಮಂಡಲಿಯೊಂದು ಸರ್ಕಾರದ ಸಹಾಯದಿಂದ ಸ್ಥಾಪಿತವಾಯಿತು.

ಆದರೂ ಒಂದು ಕೊಂಡಿಯು ಸಡಿಲವಾಗಿಯೇ ಇರುವುದು. ಹಸಿ ಉಣ್ಣೆಯಲ್ಲಿ ಜಿಡ್ಡು, ಬೆವರು, ಮಣ್ಣು ಸೇರಿ ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ತೂಕವು ತೊಳೆಯುವಾಗ ಕಳೆಯುವುದು. ಹೀಗೆ ದೊಡ್ಡ ಪ್ರಮಾಣದಲ್ಲಿ ತೊಳೆಯುವ ಕಾರ್ಖಾನೆಯು 2022ರ ವೇಳೆಗೆ ಐರ್ಲೆಂಡಿನಲ್ಲಿ ಇರಲಿಲ್ಲ. ಮಾಲು ಸಮುದ್ರ ದಾಟಿ ಇಂಗ್ಲೆಂಡಿಗೆ ಹೋಗಬೇಕಾಗಿದ್ದಿತು. ಕಳೆದುಹೋಗುವ ಜಿಡ್ಡಿಗೂ ಹಡಗಿನ ಬಾಡಿಗೆ ತೆರಬೇಕು. ಮೇಲಾಗಿ ಯುರೋಪಿನ ಕಾನೂನು ತೊಳೆಯದ ಉಣ್ಣೆಯನ್ನು ಪ್ರಾಣಿಜನ್ಯ ಉಪವಸ್ತುವೆಂದು ಗಣಿಸಿ ಅದರ ಸಾಗಣೆಗೆ ನಿಬಂಧನೆಗಳನ್ನು ವಿಧಿಸಿರುವುದು. ಹತ್ತು ಮೂಟೆ ಬೇಕಾದ ಚಿಕ್ಕ ಕಸುಬುದಾರನಿಗೆ ಇದು ಭಾರವೇ ಸರಿ.

ಕಸುಬುದಾರನು ಕೇಳುವುದು ಬಹಳವೇನೂ ಅಲ್ಲ. ಒಣಗಿದ ಕುರಿಯನ್ನೇ ಕತ್ತರಿಸಬೇಕು. ಒದ್ದೆಯ ಉಣ್ಣೆ ಮೂಟೆಯಲ್ಲಿ ಕಾವೇರಿ ಬಣ್ಣಗೆಡುವುದು. ನೆಲವು ಗುಡಿಸಿರಬೇಕು, ಹುಲ್ಲಿನ ಚೂರು ಸಿಕ್ಕಿದರೆ ಹಿಂಜುವಾಗ ಬಿಡಿಸುವುದು ಕಷ್ಟ. ಹೊಟ್ಟೆಯ ಉಣ್ಣೆಯನ್ನೂ ಬಾಲದ ಬುಡದ ಸಗಣಿ ಮೆತ್ತಿದ ಉಣ್ಣೆಯನ್ನೂ ಬೇರೆ ಇಡಬೇಕು. ತೊಳೆದರೂ ಬಿಡದ ಬಣ್ಣದಿಂದ ಮಂದೆಗೆ ಗುರುತು ಹಾಕಕೂಡದು. ಪ್ಲಾಸ್ಟಿಕ್ ಚೀಲದ ಎಳೆ ಬೆರೆತರಂತೂ ಅದು ಬಣ್ಣ ಹಿಡಿಯದೆ ನೇಯ್ದ ಬಟ್ಟೆಯಲ್ಲಿ ಎದ್ದು ಕಾಣುವುದು.

ನಮ್ಮ ಚಿತ್ರದುರ್ಗ ಸೀಮೆಯ ಡೆಕ್ಕನಿ ಕುರಿಯ ಉಣ್ಣೆಯೂ ಒರಟೇ. ಚಳ್ಳಕೆರೆಯ ಕಡೆ ಕುರುಬರು ಅದನ್ನು ತಾವೇ ನೂತು ನೇಯ್ದು, ಹುಣಸೆಬೀಜದ ಗಂಜಿ ಕೊಟ್ಟು ಕಂಬಳಿ ಮಾಡುವ ರೂಢಿಯುಂಟು. ಕುರಿ ಸಾಕುವವನೂ ನೇಯುವವನೂ ಒಂದೇ ಹಟ್ಟಿಯವರಾದಲ್ಲಿ ಐರ್ಲೆಂಡಿನವರು ಸಭೆ ಸೇರಿ ಹುಡುಕುತ್ತಿರುವ ಸಂಬಂಧವು ಮೊದಲೇ ಇದ್ದಂತಾಯಿತು. ಉಣ್ಣೆಯು ಹೊರ ವರ್ತಕನಿಗೆ ಹೋಗುವ ಗ್ರಾಮಗಳಲ್ಲಿ ಪಟೇಲರು ಮಂದೆಗಳ ಸಂಖ್ಯೆ, ಕತ್ತರಿಸುವ ತಿಂಗಳು, ಕರಿ ಬಿಳಿ ಉಣ್ಣೆಗಳ ಅಂದಾಜು ತೂಕ ಇಷ್ಟನ್ನು ಬರೆದಿಟ್ಟು ಹತ್ತಿರದ ನೇಕಾರರ ಸಹಕಾರ ಸಂಘಕ್ಕೆ ಮುಂಚಿತವಾಗಿ ತಿಳಿಸಿದರೆ, ಸಂಘದವರು ಕತ್ತರಿಯ ದಿನವೇ ಬಂದು ಮಾಲನ್ನು ನೋಡಿ ಧಾರಣೆ ಗೊತ್ತುಮಾಡಲು ಅನುಕೂಲವಾಗುವುದು.