ಒಂದೇ ಸ್ವಿಚ್, ಎರಡು ಓಎಸ್, ಎರಡು ದಿನದ ಮುನಿಸು

‘ಲ್ಯಾಬ್ ಸ್ವಿಚ್ಚಲ್ಲಿ ಇದ್ದದ್ದೆಲ್ಲ ಹೋಯ್ತಮ್ಮ, ಆರು ವಾರದ ಕೆಲಸ!’ ಎಂದು ಫೋನಿನಲ್ಲಿ ಗೋಳಾಡಿದೆ. ಅಮ್ಮ ಸಮಾಧಾನವಾಗಿಯೇ, ‘ಒಂದು ಸ್ವಿಚ್‌ಗೆ ಇಷ್ಟು ಅಳ್ತಾರೇನೋ? ಎಲೆಕ್ಟ್ರಿಷಿಯನ್ ಕರೆಸಿ ಹೊಸದು ಹಾಕ್ಸಿ’ ಎಂದರು.

ಇದು ಫ್ಯಾನಿನ ಸ್ವಿಚ್ ಅಲ್ಲ. ಹತ್ತಾರು ಕಂಪ್ಯೂಟರ್‌ಗಳ ಕೇಬಲ್ ಬಂದು ಸೇರುವ, ಯಾವ ಪ್ಯಾಕೆಟ್ ಯಾವ ಪೋರ್ಟಿನಿಂದ ಹೊರಗೆ ಹೋಗಬೇಕೆಂದು ತೀರ್ಮಾನಿಸುವ ನೆಟ್‌ವರ್ಕ್ ಸ್ವಿಚ್. ನಮ್ಮ ಲ್ಯಾಬ್‌ನಲ್ಲಿರುವುದು ಒಂದೇ. ತಲಾ 10 ಗಿಗಾಬಿಟ್ ವೇಗದ 48 ಪೋರ್ಟ್, ತಲಾ 40 ಗಿಗಾಬಿಟ್‌ನ 6 ಪೋರ್ಟ್. ಆನ್ ಮಾಡಿದರೆ ಅದರ ಸದ್ದಿಗೆ ಪಕ್ಕದ ಕ್ಲಾಸಿನವರು ಬಾಗಿಲು ಹಾಕಿಕೊಳ್ಳುತ್ತಾರೆ.

ಮೊದಲೆಲ್ಲ ಸ್ವಿಚ್ ಕೊಂಡರೆ ಆ ಕಂಪನಿಯ ಸಾಫ್ಟ್‌ವೇರ್ ಜೊತೆಗೇ ಬಾಳಬೇಕಿತ್ತು. ನಮ್ಮದು ‘ವೈಟ್ ಬಾಕ್ಸ್’ ಜಾತಿಯದು. ಬರುವಾಗ ಅದರಲ್ಲಿ ‘ಓನಿ’ ಎಂಬ ಪುಟ್ಟ ತಂತ್ರಾಂಶ ಮಾತ್ರ ಇರುತ್ತದೆ. ಕ್ಯುಮುಲಸ್ ನೆಟ್‌ವರ್ಕ್ಸ್ ರೂಪಿಸಿ 2013ರಲ್ಲಿ ಓಪನ್ ಕಂಪ್ಯೂಟ್ ಪ್ರಾಜೆಕ್ಟ್‌ಗೆ ಕೊಟ್ಟದ್ದು. ಓನಿ ಮೂಲಕ ನಮಗೆ ಬೇಕಾದ ಓಎಸ್ ಹಾಕಿಕೊಳ್ಳಬಹುದು, ಲ್ಯಾಪ್‌ಟಾಪಿಗೆ ವಿಂಡೋಸೋ ಲಿನಕ್ಸೋ ಹಾಕಿದ ಹಾಗೆ.

ಆ ಸ್ವಾತಂತ್ರ್ಯವೇ ನಮಗೆ ಮುಳುವಾಯಿತು. ಮಿನಿ ಪ್ರಾಜೆಕ್ಟ್‌ಗೆ ನಮ್ಮ ಟೀಮ್ ಆರಿಸಿಕೊಂಡದ್ದು ಸೋನಿಕ್. ಮೈಕ್ರೊಸಾಫ್ಟ್ 2016ರಲ್ಲಿ ಎಲ್ಲರಿಗೂ ಮುಕ್ತವಾಗಿ ಬಿಟ್ಟ ಓಎಸ್ ಅದು. ಈಗ ಲಿನಕ್ಸ್ ಫೌಂಡೇಶನ್ ಆಶ್ರಯದಲ್ಲಿದೆ. ಇನ್ನೊಂದು ಟೀಮಿಗೆ ಬೇಕಿದ್ದದ್ದು ಓಪನ್ ನೆಟ್‌ವರ್ಕ್ ಲಿನಕ್ಸ್. ಒಂದು ಶುಕ್ರವಾರ ಸಂಜೆ ಆ ಟೀಮಿನ ಗೆಳೆಯ ಓನಿ ಮೆನುವಿನಲ್ಲಿ ‘ಅನ್‌ಇನ್‌ಸ್ಟಾಲ್ ಓಎಸ್’ ಒತ್ತಿದ. ಹೆಸರು ಕೇಳಿದರೆ ಸಾಧು ಅನ್ನಿಸುತ್ತದೆ. ಆದರೆ ಅದು ಓನಿ ಮತ್ತು ಡಯಾಗ್ನೊಸ್ಟಿಕ್ಸ್ ಭಾಗ ಬಿಟ್ಟು ಡಿಸ್ಕ್‌ನಲ್ಲಿರುವುದನ್ನೆಲ್ಲ ಒರೆಸಿಹಾಕುತ್ತದೆ. ನಮ್ಮ ಸೆಟ್ಟಿಂಗ್, ಲಾಗ್, ಅಳತೆ ಎಲ್ಲ ಸ್ವಾಹಾ! ಬ್ಯಾಕಪ್ ಇಟ್ಟಿರಲಿಲ್ಲ, ಆ ತಪ್ಪು ನಮ್ಮದೇ. ಎರಡು ದಿನ ಮಾತು ಬಿಟ್ಟೆವು. ಕ್ಯಾಂಟೀನ್‌ನಲ್ಲೂ ಬೇರೆ ಬೇರೆ ಟೇಬಲ್.

ಸೋಮವಾರ ಮೇಡಂ ಎರಡೂ ಟೀಮನ್ನು ಕೂರಿಸಿಕೊಂಡು, ‘ಇನ್ನೊಂದು ಸ್ವಿಚ್ ಅಂತೂ ಬರಲ್ಲ. ಇರೋದನ್ನು ಹಂಚ್ಕೊಳ್ಳೋದು ಹೇಗೆ ಅಂತ ನೀವೇ ಕಂಡುಹಿಡೀರಿ’ ಎಂದರು.

‘ಅದೇನ್ ಮಹಾ, ವರ್ಚುವಲ್ ಮಷೀನ್ ಮಾಡಿ ಎರಡು ಓಎಸ್ ಹಾಕಿದ್ರಾಯ್ತು’ ಎಂದೆ ನಾನು. ಆಗಲಿಲ್ಲ. ಸ್ವಿಚ್ಚಿನ ಒಳಗೆ ಎರಡು ತಲೆಗಳಿವೆ. ಒಂದು, ನಮ್ಮ ಕಂಪ್ಯೂಟರ್‌ನಲ್ಲಿರುವಂಥದ್ದೇ ಸಾಧಾರಣ ಸಿಪಿಯು. ಅದನ್ನು ಇಬ್ಬರಿಗೆ ಹಂಚುವುದು ಸುಲಭ. ಆದರೆ ಪ್ಯಾಕೆಟ್ ಸಾಗಿಸುವುದು ಅದಲ್ಲ, ಪಕ್ಕದಲ್ಲಿರುವ ಸ್ವಿಚಿಂಗ್ ಚಿಪ್. ಯಾವ ವಿಳಾಸ ಯಾವ ಪೋರ್ಟಿಗೆ, ಯಾವ ಪ್ಯಾಕೆಟ್‌ಗೆ ಪ್ರವೇಶ ಇಲ್ಲ ಎಂಬ ಪಟ್ಟಿಗಳೆಲ್ಲ ಆ ಚಿಪ್ಪಿನ ಒಳಗಿವೆ. ಓಎಸ್‌ನ ಕೆಲಸ ಆ ಪಟ್ಟಿ ತುಂಬುವುದು. ಸೋನಿಕ್‌ನಲ್ಲಿ ಚಿಪ್ಪಿನ ಜೊತೆ ಮಾತಾಡುವುದು ‘ಸಿಂಕ್‌ಡಿ’ ಎಂಬ ಒಂದೇ ಪ್ರೋಗ್ರಾಂ. ಪ್ರತಿ ಓಎಸ್ಸೂ ಇಡೀ ಚಿಪ್ ತನ್ನದೇ ಎಂದು ನಂಬಿರುತ್ತದೆ. ಶುರುವಾಗುವಾಗ ಚಿಪ್ಪನ್ನು ರೀಸೆಟ್ ಮಾಡಿ ಹೊಸದಾಗಿ ಬರೆಯಲು ಕೂರುತ್ತದೆ. ಹಾಗಿದ್ದಾಗ ಇನ್ನೊಂದು ಓಎಸ್ ಬರೆದದ್ದು ಉಳಿಯುವುದೆಲ್ಲಿ?

ಇಂಥ ಪಂಚಾಯ್ತಿ ನನಗೆ ಹೊಸದಲ್ಲ. ಊರಿನಲ್ಲಿ ಅಪ್ಪ, ಚಿಕ್ಕಪ್ಪನ ನಡುವೆ ತೋಟ ಪಾಲಾಗಿದೆ, ಬೋರ್‌ವೆಲ್ ಪಾಲಾಗಿಲ್ಲ. ಗೇಟ್‌ವಾಲ್ ಅಜ್ಜಿಯ ಸುಪರ್ದಿಯಲ್ಲಿದೆ. ಯಾರ ಕಡೆಗೆ ಎಷ್ಟು ಹೊತ್ತು ನೀರು ಎನ್ನುವುದು ಅಜ್ಜಿಯ ಲೆಕ್ಕ. ನಮ್ಮ ಸ್ವಿಚ್ಚಿಗೂ ಅಂಥದೊಂದು ಅಜ್ಜಿ ಬೇಕಿತ್ತು.

ಹುಡುಕಿದಾಗ ಸ್ಟ್ಯಾನ್‌ಫರ್ಡ್‌ನಲ್ಲಿ ಸಿಕ್ಕಿತು. ನಿಕ್ ಮೆಕ್‌ಕ್ಯೂನ್ ಮತ್ತು ಸಂಗಡಿಗರು 2008ರಲ್ಲಿ ಓಪನ್‌ಫ್ಲೋ ತಂದದ್ದೇ, ಕ್ಯಾಂಪಸ್ಸಿನ ದಿನನಿತ್ಯದ ಸ್ವಿಚ್‌ಗಳಲ್ಲೇ ಸಂಶೋಧಕರೂ ಪ್ರಯೋಗ ಮಾಡುವಂತಾಗಲಿ ಎಂದು. ಮರುವರ್ಷ ಫ್ಲೋವೈಸರ್ ಬಂತು. ಅದು ಸ್ವಿಚ್ಚಿಗೂ, ಅದನ್ನು ಆಳುವ ಹಲವು ಕಂಟ್ರೋಲರ್‌ಗಳಿಗೂ ನಡುವೆ ಕೂರುತ್ತದೆ. ಪ್ರತಿ ಕಂಟ್ರೋಲರ್‌ಗೂ ಸ್ವಿಚ್ ತನ್ನದೇ ಎಂಬ ಭ್ರಮೆ. ಅದು ಬರೆಯಹೊರಟ ಪ್ರತಿ ನಿಯಮವನ್ನೂ ಫ್ಲೋವೈಸರ್ ನೋಡಿ, ‘ಇದು ನಿನ್ನ ಪಾಲಿನದಲ್ಲ’ ಎಂದರೆ ಮುಗಿಯಿತು. ಪಟ್ಟಿಯಲ್ಲಿ ಯಾರಿಗೆಷ್ಟು ಸಾಲು, ಸಿಪಿಯುವಿನಲ್ಲಿ ಎಷ್ಟು ಪಾಲು ಎಂಬುದಕ್ಕೂ ಮಿತಿ ಹಾಕುತ್ತದೆ. ಸ್ಟ್ಯಾನ್‌ಫರ್ಡ್‌ನವರು ಜನ ಬಳಸುವ ನೆಟ್‌ವರ್ಕ್‌ನಲ್ಲೇ ಇದನ್ನು ಓಡಿಸಿದರು.

ಆದರೆ ಅಲ್ಲಿ ಎಲ್ಲರ ಭಾಷೆಯೂ ಓಪನ್‌ಫ್ಲೋ. ಸಿಸ್ಕೊ ನೆಕ್ಸಸ್ 7000 ಕೂಡ ಒಂದು ಸ್ವಿಚ್ಚನ್ನು ಹಲವು ಸ್ವಿಚ್ಚಿನಂತೆ ಒಡೆದು ಕೊಡುತ್ತದೆ, ಆದರೆ ಎಲ್ಲದರಲ್ಲೂ ಓಡುವುದು ಸಿಸ್ಕೊದ್ದೇ ಓಎಸ್. 2015ರಲ್ಲಿ ಬಂದ ‘ಸಾಯ್’ ಎಂಬ ಮಧ್ಯಸ್ತರ ಒಂದೇ ಓಎಸ್ ಬೇರೆ ಬೇರೆ ಕಂಪನಿಗಳ ಚಿಪ್ ಮೇಲೆ ಓಡುವಂತೆ ಮಾಡಿದೆ. ನಮಗೆ ಬೇಕಿದ್ದದ್ದು ಉಲ್ಟಾ: ಒಂದೇ ಚಿಪ್, ಅದರ ಮೇಲೆ ಏಕಕಾಲಕ್ಕೆ ಎರಡು ಬೇರೆ ಓಎಸ್. ಮಿನಿ ಪ್ರಾಜೆಕ್ಟಿನ ಅಳತೆಗೆ ಅದು ದೊಡ್ಡ ಅಂಗಿ.

ಕೊನೆಗೆ ಅವರೇ ಬಾಗಿದರು, ಅದನ್ನು ಒಪ್ಪಲೇಬೇಕು. ಓಪನ್‌ಫ್ಲೋ ಪ್ರಯೋಗವನ್ನು ಲ್ಯಾಪ್‌ಟಾಪಿನ ಓಪನ್ ವಿ–ಸ್ವಿಚ್‌ಗೆ ಸಾಗಿಸಿದರು. ಲ್ಯಾಬ್ ಸ್ವಿಚ್‌ನಲ್ಲಿ ಸೋನಿಕ್ ಉಳಿಯಿತು. 1ರಿಂದ 24ರವರೆಗಿನ ಪೋರ್ಟ್ ನಮಗೆ, ಉಳಿದ 24 ಅವರಿಗೆ. ಕೋಡ್ ಬರೆದು ನೋಡುವುದೆಲ್ಲ ಸೋನಿಕ್‌ನ ವರ್ಚುವಲ್ ಆವೃತ್ತಿಯಲ್ಲಿ, ಅಳತೆಗೆ ಮಾತ್ರ ನಿಜವಾದ ಸ್ವಿಚ್. ದಿನಾ ಸಂಜೆ ಕಾನ್ಫಿಗ್ ಫೈಲ್ ಪೆನ್‌ಡ್ರೈವ್‌ಗೆ.

ಒಂದು ವಾರ ಚೆನ್ನಾಗಿತ್ತು. ಆಮೇಲೆ ನಮ್ಮ ಹೊಸ ನಿಯಮಗಳನ್ನು ಚಿಪ್ ತೆಗೆದುಕೊಳ್ಳಲೇ ಇಲ್ಲ. ಪೋರ್ಟ್ ನಮ್ಮದೇ, ಕೇಬಲ್ ಸರಿಯಾಗಿದೆ, ಮತ್ತೇನು? ಸೋನಿಕ್‌ನಲ್ಲಿ ಚಿಪ್ಪಿನೊಳಗೆ ಎಷ್ಟು ಜಾಗ ಉಳಿದಿದೆ ಎಂದು ತೋರಿಸುವ ‘ಸಿಆರ್‌ಎಂ’ ಕಮಾಂಡ್ ಇದೆ. ನೋಡಿದರೆ ಪಟ್ಟಿ ಭರ್ತಿ. ಅವರ ಪ್ರೋಗ್ರಾಂ ಒಂದೇ ಸಮನೆ ನಿಯಮ ತುಂಬಿಸಿತ್ತು. ಪೋರ್ಟ್ ಹಂಚಿಕೊಂಡೆವು, ಪಟ್ಟಿ ಹಂಚಿಕೊಂಡಿರಲಿಲ್ಲ. ತೋಟ ಪಾಲಾಗಿ ಬೋರ್ ಪಾಲಾಗದ ಕತೆಯೇ.

ಈ ಸಲ ಮುನಿಸಿಕೊಳ್ಳಲಿಲ್ಲ. ಆ ಶುಕ್ರವಾರದ ಗೆಳೆಯ, ನಾನು ಒಟ್ಟಿಗೆ ಕೂತು ಪೈಥಾನ್‌ನಲ್ಲಿ ಒಂದು ಸ್ಕ್ರಿಪ್ಟ್ ಬರೆದೆವು. ಎರಡೂ ಟೀಮಿನ ನಿಯಮ ಅದರ ಮೂಲಕವೇ ಒಳಗೆ ಹೋಗಬೇಕು. ಯಾರದ್ದಾದರೂ ಅರ್ಧ ದಾಟಿದರೆ ತಡೆಯುತ್ತದೆ. ಫೈಲಿಗೆ ‘ಅಜ್ಜಿ’ ಎಂದೇ ಹೆಸರಿಟ್ಟೆವು. ಮೊದಲ ದಿನವೇ ಅದು ತಡೆದದ್ದು ನನ್ನ ನಿಯಮವನ್ನು.