ಬೇಟೆಗೆ ಮೊದಲು ನೆಲ ನೋಡಿ

ಡೆನ್ವರ್‌ನಿಂದ ಉತ್ತರಕ್ಕೆ ವಯೋಮಿಂಗ್ ಕಡೆ ಕಾರಿನಲ್ಲಿ ಹೋಗಿದ್ದರೆ, ಬೇಲಿಯಾಚೆ ಕಂದು-ಬಿಳಿ ಪ್ರಾಣಿಗಳ ಹಿಂಡು ನೋಡಿ "ಜಿಂಕೆ!" ಎಂದು ನೀವೂ ಕೂಗಿರಬಹುದು. ಅದು ಜಿಂಕೆಯಲ್ಲ, ಪ್ರಾಂಗ್‌ಹಾರ್ನ್. ಇಲ್ಲಿನವರು ಆಂಟಲೋಪ್ ಅಂತಾರೆ, ಆದರೆ ಅದು ನಮ್ಮ ಕೃಷ್ಣಮೃಗದ ಜಾತಿಯಲ್ಲ. ಅದರ ಹತ್ತಿರದ ನೆಂಟರಲ್ಲಿ ಜಿರಾಫೆಯೂ ಒಂದು! ಗಂಟೆಗೆ ಸುಮಾರು 55 ಮೈಲಿ ಓಡುತ್ತದೆ.

ಈ ವರ್ಷ ನನ್ನ ಸ್ನೇಹಿತ ಮತ್ತು ಅವನ ತಂದೆಯ ಜೊತೆ ನನ್ನ ಮೊದಲ ಬೇಟೆಗೆ ತಯಾರಿ ನಡೆದಿದೆ. ನಮ್ಮ ಅಪ್ಪ ಒಂದೇ ಷರತ್ತು ಹಾಕಿದ್ದಾರೆ: "ಅದು ಯಾರ ಜಾಗ ಅಂತ ಗೊತ್ತಿಲ್ಲದೆ ಒಂದು ಬೇಲಿಯನ್ನೂ ದಾಟಬಾರದು." ತಯಾರಿಯಲ್ಲಿ ಅತಿ ಕಷ್ಟದ ಕೆಲಸವೂ ಇದೇ.

ಚದುರಂಗದ ಮಣೆ

ನಕ್ಷೆಯಲ್ಲಿ ಹಳದಿ ಬಣ್ಣ ಫೆಡರಲ್ ಸರ್ಕಾರದ ಬಿ.ಎಲ್.ಎಂ. ಜಮೀನು, ನೀಲಿ ರಾಜ್ಯದ್ದು, ಬಿಳಿ ಖಾಸಗಿ. 1862ರ ಕಾನೂನಿನಂತೆ ರೈಲು ಹಳಿಯ ಎರಡೂ ಬದಿಗೆ ಒಂದು ಬಿಟ್ಟು ಒಂದು ಚದರ ಮೈಲಿ ಜಮೀನು ರೈಲು ಕಂಪನಿಗೆ ಹೋಯಿತು. ಹಾಗಾಗಿ ದಕ್ಷಿಣ ವಯೋಮಿಂಗ್ ಇಂದಿಗೂ ಚದುರಂಗದ ಮಣೆಯಂತಿದೆ. ಸರ್ಕಾರಿ ಚೌಕಗಳಿವೆ, ಆದರೆ ಎಷ್ಟೋ ಚೌಕಗಳಿಗೆ ದಾರಿಯೇ ಇಲ್ಲ.

ಮೂಲೆಯಿಂದ ಮೂಲೆಗೆ ದಾಟಬಹುದೇ? 2021ರಲ್ಲಿ ಮಿಸ್ಸೌರಿಯ ನಾಲ್ವರು ಬೇಟೆಗಾರರು ಹೀಗೆ ದಾಟಿದ್ದು ದೊಡ್ಡ ಮೊಕದ್ದಮೆಯಾಯಿತು. 2025ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಬೇಟೆಗಾರರ ಪರ ತೀರ್ಪು ಕೊಟ್ಟಿತು. ಆದರೂ ಆ ಮೂಲೆ ಎಲ್ಲಿದೆ ಎಂದು ನಿಖರವಾಗಿ ಗೊತ್ತಿರಬೇಕು. ಮೊದಲ ಸಲಕ್ಕೆ ಅದು ಬೇಡ ಎಂದುಕೊಂಡಿದ್ದೇವೆ.

ಹಾಗಾದರೆ ಏನು ಮಾಡಬೇಕು?

1. ಅರ್ಜಿ ಹಾಕುವ ಮೊದಲೇ ನಕ್ಷೆ ನೋಡಿ. ಸುಲಭವಾಗಿ ಸಿಗುವ ಪರವಾನಗಿ ಎಷ್ಟೋ ಸಲ ಖಾಸಗಿ ಜಮೀನೇ ಹೆಚ್ಚಿರುವ ಪ್ರದೇಶದ್ದಾಗಿರುತ್ತದೆ.
2. ರಾಜ್ಯದ "ಆ್ಯಕ್ಸೆಸ್ ಯೆಸ್" ಯೋಜನೆಯಲ್ಲಿ ಸೇರಿದ ಖಾಸಗಿ ಜಮೀನುಗಳಲ್ಲಿ ಬೇಟೆಯಾಡಬಹುದು. ಪ್ರತಿ ಜಾಗದ ನಿಯಮ ಬೇರೆ, ಓದಿಕೊಳ್ಳಿ.
3. ಜಮೀನಿನ ಮಾಲೀಕರನ್ನು ಬೇಸಿಗೆಯಲ್ಲೇ ಕೇಳಿ. ಎಷ್ಟು ಜನ, ಯಾವ ದಿನ, ಯಾವ ಗಾಡಿ ಎಂದು ಹೇಳಿ. ಒಪ್ಪಿದರೆ ಬರಹದಲ್ಲಿ ಪಡೆಯಿರಿ. "ಇಲ್ಲ" ಅಂದರೆ ಥ್ಯಾಂಕ್ಸ್ ಹೇಳಿ ಬನ್ನಿ.
4. ಗೇಟು ಮುಚ್ಚಿದ್ದರೆ ಮುಚ್ಚಿ, ತೆರೆದಿದ್ದರೆ ತೆರೆದೇ ಬಿಡಿ.
5. ಐಸ್ ಒಯ್ಯಿರಿ. ಬಿಸಿಲಿಗೆ ಮಾಂಸ ಬೇಗ ಕೆಡುತ್ತದೆ.

ನಮ್ಮ ವಯಸ್ಸಿನವರಿಗೆ ಸಾಮಾನ್ಯವಾಗಿ ಬೇಟೆ ಸುರಕ್ಷತಾ ತರಗತಿಯ ಕಾರ್ಡ್ ಬೇಕು. ಕಿತ್ತಳೆ ಅಥವಾ ಗುಲಾಬಿ ಬಣ್ಣದ ಹೊಳೆಯುವ ಬಟ್ಟೆಯೂ ಬೇಕು. ಪೋಷಕರೇ, ವೀಸಾದಲ್ಲಿರುವವರಿಗೆ ಬಂದೂಕಿನ ವಿಷಯದಲ್ಲಿ ಬೇರೆ ಫೆಡರಲ್ ನಿಯಮಗಳಿವೆ. ಮೊದಲು ವಕೀಲರನ್ನು ಕೇಳಿ.

ಅಜ್ಜಿಯ ಪ್ರಶ್ನೆ

ನನ್ನ ಅಜ್ಜಿ ಇರುವುದು ರಾಣೆಬೆನ್ನೂರಿನಲ್ಲಿ. ಅಲ್ಲಿ ಕೃಷ್ಣಮೃಗ ಅಭಯಾರಣ್ಯವಿದೆ. ಫೋನಿನಲ್ಲಿ ಕೇಳಿದರು: "ಅಲ್ಲೋ ತಮ್ಮಾ, ನಮ್ಮೂರಾಗ ಅವು ಹೊಲಾ ಮೇಯ್ದ್ರೂ ಯಾರೂ ಮುಟ್ಟಂಗಿಲ್ಲ. ನೀ ಹೆಂಗ ಕೊಲ್ಲಾಕ ಹೊಂಟಿ?"

ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆ ಕೃಷ್ಣಮೃಗವನ್ನು ಕಾಪಾಡುತ್ತದೆ. ಇಲ್ಲಿ ಎಷ್ಟು ಪರವಾನಗಿ ಕೊಡಬೇಕೆಂದು ರಾಜ್ಯವೇ ನಿರ್ಧರಿಸುತ್ತದೆ. 1937ರ ಕಾನೂನಿನಂತೆ ಬಂದೂಕು, ಗುಂಡುಗಳ ಮೇಲಿನ ತೆರಿಗೆ ವನ್ಯಜೀವಿಗಳ ರಕ್ಷಣೆಗೆ ಹೋಗುತ್ತದೆ. ಇದನ್ನೆಲ್ಲ ಅಜ್ಜಿಗೆ ಹೇಳಿದೆ. "ತಿನ್ನೂದಿದ್ರ ಮಾತ್ರ ಹೊಡಿ, ಒಂದ್ ತುಣುಕೂ ಚೆಲ್ಲಬ್ಯಾಡ" ಅಂದರು. ಪೂರ್ತಿ ಒಪ್ಪಿಲ್ಲ, ಆದರೆ ಅವರ ಮಾತು ನನಗೆ ಸರಿ ಅನಿಸಿತು.

ನೀವೂ ಹೋಗುವುದಾದರೆ ಬಂದೂಕಿನ ಅಂಗಡಿಗೆ ಹೋಗುವ ಮೊದಲು ಮನೆಯವರ ಜೊತೆ ಕೂತು ನಕ್ಷೆ ಬಿಡಿಸಿ. ನಿಮ್ಮ ಅಜ್ಜಿಯನ್ನೂ ಒಂದು ಮಾತು ಕೇಳಿ.