ನಡುಪೇಟೆಗೆ ಮರಳಿದ ಜೀವ

ಒಂದು ಊರಿನ ನಾಡಿಮಿಡಿತವನ್ನು ಅರಿಯಬೇಕಾದರೆ ಸಂಜೆಯ ಹೊತ್ತು ಅದರ ಪೇಟೆಬೀದಿಯಲ್ಲಿ ನಡೆದು ನೋಡಬೇಕು. ಅಂಗಡಿ, ಅಂಚೆಕಚೇರಿ, ಬ್ಯಾಂಕು, ನ್ಯಾಯಾಲಯ, ಚಿತ್ರಮಂದಿರ ಇವೆಲ್ಲ ಒತ್ತಾಗಿ ಸೇರಿರುವ ಇಂತಹ ನಡುಪೇಟೆಯನ್ನು ಅಮೆರಿಕದವರು ‘ಡೌನ್‌ಟೌನ್’ ಎಂದು ಕರೆಯುತ್ತಾರೆ. ಎರಡನೆಯ ಮಹಾಯುದ್ಧದ ತರುವಾಯ ಆ ದೇಶದ ಅನೇಕ ಊರುಗಳ ನಡುಪೇಟೆಗಳು ಕಳೆಗುಂದಿದವು. ಹಾಗೆ ಕಳೆಗುಂದಿ ಮತ್ತೆ ಚೇತರಿಸಿಕೊಂಡವುಗಳು ವಿರಳ. ಕೊಲರಾಡೊ ರಾಜ್ಯದ ಬೌಲ್ಡರ್ ಅಂತಹುದೊಂದು ಊರು.

ಬೌಲ್ಡರ್ ಪಟ್ಟಣವು ರಾಕಿ ಪರ್ವತಗಳ ಪೂರ್ವದ ತಪ್ಪಲಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 5,400 ಅಡಿ ಎತ್ತರದಲ್ಲಿದೆ. ಊರಿನ ಬೆನ್ನಿಗೆ ಇಸ್ತ್ರಿಪೆಟ್ಟಿಗೆಗಳನ್ನು ಸಾಲಾಗಿ ಒರಗಿಸಿಟ್ಟಂತೆ ಕಾಣುವ ಭಾರಿ ಬಂಡೆಗಳಿವೆ. ಅವುಗಳ ಹೆಸರೂ ಅದೇ ಅರ್ಥದ ‘ಫ್ಲಾಟ್‌ಐರನ್ಸ್’. ಚಿನ್ನವನ್ನರಸಿ ಬಂದವರು ಕಟ್ಟಿದ ಈ ಊರಿನಲ್ಲಿ 1877ರಲ್ಲಿ ಕೊಲರಾಡೊ ವಿಶ್ವವಿದ್ಯಾನಿಲಯವು ಪಾಠಪ್ರವಚನಗಳನ್ನು ಆರಂಭಿಸಿತು. ಅಂದಿನಿಂದ ಬೌಲ್ಡರ್ ವಿದ್ಯಾರ್ಥಿಗಳ ಊರೆನಿಸಿತು. 1950ರಲ್ಲಿ ಸುಮಾರು 20,000 ಇದ್ದ ಜನಸಂಖ್ಯೆಯು ಸರ್ಕಾರದ ಪ್ರಯೋಗಾಲಯಗಳೂ ಕಾರ್ಖಾನೆಗಳೂ ಬಂದ ಮೇಲೆ 1970ರ ವೇಳೆಗೆ 66,000ವನ್ನು ಮೀರಿತು.

ಊರು ಬೆಳೆಯಿತು; ಪೇಟೆ ಮಾತ್ರ ಸೊರಗಿತು. ಇದು ವಿಚಿತ್ರವಾಗಿ ತೋರಬಹುದು. ಆದರೆ ಕಾರಣ ಸರಳವಾದುದು. ಮನೆಮನೆಗೂ ಕಾರು ಬಂದಿತು. ಮನೆಗಳು ಊರಹೊರಗೆ ಚಾಚಿಕೊಂಡವು. 1963ರಲ್ಲಿ ಊರಿನ ಪೂರ್ವಕ್ಕೆ ‘ಕ್ರಾಸ್‌ರೋಡ್ಸ್’ ಎಂಬ ವಿಶಾಲವಾದ ವ್ಯಾಪಾರಕೇಂದ್ರ ತೆರೆಯಿತು. ಅಲ್ಲಿ ಕಾರು ನಿಲ್ಲಿಸಲು ಬೇಕಾದಷ್ಟು ಸ್ಥಳವಿದ್ದಿತು. ಗಿರಾಕಿಗಳು ಅತ್ತ ಹೋದರು. ಹಳೆಯ ಪೇಟೆಯಾದ ಪರ್ಲ್ ಬೀದಿಯ ವ್ಯಾಪಾರಿಗಳು ದಾರಿ ನೋಡುತ್ತ ಕುಳಿತರು.

1970ರಲ್ಲಿ ನಡುಪೇಟೆಯ ಸ್ವತ್ತುಗಳ ಮಾಲೀಕರು ಒಂದು ಒಪ್ಪಂದಕ್ಕೆ ಬಂದರು. ಅಂಗಡಿಗೊಂದರಂತೆ ಕಾರಿನ ಅಂಗಳ ಮಾಡಿದರೆ ಪೇಟೆಯೇ ಉಳಿಯದು. ಆದುದರಿಂದ ಎಲ್ಲರಿಗೂ ಸಾಮಾನ್ಯವಾದ ನಿಲುಗಡೆಯ ವ್ಯವಸ್ಥೆಗಾಗಿ ಒಂದು ವಿಶೇಷ ವಲಯವನ್ನು ರಚಿಸಿಕೊಂಡರು. 1977ರಲ್ಲಿ ಪರ್ಲ್ ಬೀದಿಯ ನಾಲ್ಕು ಅಡ್ಡರಸ್ತೆಗಳಷ್ಟು ಭಾಗವನ್ನು ವಾಹನಗಳಿಗೆ ಮುಚ್ಚಿ, ಇಟ್ಟಿಗೆ ಹಾಸಿ, ಮರ ನೆಟ್ಟು, ಬೆಂಚುಗಳನ್ನಿರಿಸಿ ನಡೆಯುವವರಿಗೆ ಬಿಟ್ಟುಕೊಡಲಾಯಿತು. ಇಂದಿಗೂ ಅಲ್ಲಿ ಗಾಯಕರು, ಜಾದೂಗಾರರು, ದೊಂಬರಾಟದವರು ಜನರನ್ನು ಸುತ್ತ ಸೇರಿಸಿಕೊಂಡು ನಿಲ್ಲುತ್ತಾರೆ. ಕ್ರಾಸ್‌ರೋಡ್ಸ್ ಕೇಂದ್ರವೇ ಕಾಲಕ್ರಮದಲ್ಲಿ ಮುಚ್ಚಿಹೋದುದು ವಿಧಿಯ ಕುಚೇಷ್ಟೆಯೆನ್ನಬೇಕು.

ಇಟ್ಟಿಗೆ ಹಾಸಿದ ಮಾತ್ರಕ್ಕೆ ಪೇಟೆಗೆ ಜೀವ ಬರುವುದೆಂದು ಭಾವಿಸಬಾರದು. ಮಿಷಿಗನ್ ರಾಜ್ಯದ ಕಲಮಜೂ ಕೂಡ ವಿಶ್ವವಿದ್ಯಾನಿಲಯದ ಊರೇ. ಅದು 1959ರಲ್ಲಿಯೇ ತನ್ನ ಪೇಟೆಬೀದಿಯನ್ನು ಕಾರುಗಳಿಗೆ ಮುಚ್ಚಿತು. 1998ರಲ್ಲಿ ಮತ್ತೆ ತೆರೆಯಬೇಕಾಯಿತು. ಕ್ಯಾಲಿಫೋರ್ನಿಯದ ಫ್ರೆಸ್ನೊ 1964ರಲ್ಲಿ ಮಾಡಿದ ಇಂತಹುದೇ ಏರ್ಪಾಡನ್ನು 2017ರಲ್ಲಿ ಕೈಬಿಟ್ಟಿತು. ನಡೆಯುವ ಬೀದಿಯಿದ್ದರೂ ನಡೆದು ಬರುವ ಜನ ಸಾಕಷ್ಟಿರಲಿಲ್ಲ. ಬೌಲ್ಡರಿನಲ್ಲಾದರೋ ವಿದ್ಯಾರ್ಥಿಗಳು ಪೇಟೆಗೆ ನಡೆದೇ ಬರುವಷ್ಟು ಸಮೀಪದಲ್ಲಿದ್ದರು. 1994ರಲ್ಲಿ ವಿಶ್ವವಿದ್ಯಾನಿಲಯಕ್ಕೂ ಪೇಟೆಗೂ ನಡುವೆ ಬಸ್ಸುಗಳು ಓಡಾಡತೊಡಗಿದವು. ಆ ಮಾರ್ಗಕ್ಕೆ ಇಟ್ಟ ಹೆಸರು ‘ಹಾಪ್’, ಎಂದರೆ ಕುಪ್ಪಳಿಸು!

ಇದಕ್ಕಿಂತ ಮುಖ್ಯವಾದ ಕಾರಣವೊಂದುಂಟು. ಅದು ಪೇಟೆಯಲ್ಲಿಲ್ಲ, ಬೆಟ್ಟದ ಮೇಲಿದೆ. 1959ರಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕ ಆಲ್ಬರ್ಟ್ ಬಾರ್ಟ್ಲೆಟ್, ಗಣಿತದ ಪ್ರಾಧ್ಯಾಪಕ ರಾಬರ್ಟ್ ಮೆಕೆಲ್ವಿ ಮೊದಲಾದವರು ಊರಿನ ಜನರನ್ನು ಒಪ್ಪಿಸಿ, 5,750 ಅಡಿಗಿಂತ ಮೇಲಕ್ಕೆ ಪುರಸಭೆಯು ನೀರನ್ನು ಒದಗಿಸಕೂಡದೆಂಬ ನಿಯಮವನ್ನು ಮತದಾನದ ಮೂಲಕ ತಂದರು. ನೀರಿಲ್ಲದೆ ಮನೆ ಕಟ್ಟುವವರಾರು? ‘ನೀಲಿ ಗೆರೆ’ ಎಂದು ಹೆಸರಾದ ಈ ಎಲ್ಲೆಯು ಬೆಟ್ಟವನ್ನು ಕಾಪಾಡಿತು. 1967ರಲ್ಲಿ ಜನರು ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಂಡರು: 100 ಡಾಲರಿನ ಮಾರಾಟಕ್ಕೆ 1 ಡಾಲರು, ಅದರಲ್ಲಿ 40 ಸೆಂಟು ಊರ ಸುತ್ತಲಿನ ಬಯಲನ್ನು ಕೊಳ್ಳುವುದಕ್ಕೆ ಮೀಸಲು. ಹೀಗೆ ಕೊಂಡು ಕಾಪಾಡಿದ ಭೂಮಿ ಇಂದು 45,000 ಎಕರೆಗಿಂತ ಹೆಚ್ಚು. ಹೊರಕ್ಕೆ ಚಾಚಲು ಎಡೆಯಿಲ್ಲದ ಊರು ತನ್ನ ನಡುವಿನತ್ತ ಮುಖ ತಿರುಗಿಸಿತು.

ಬೆಟ್ಟದ ನೋಟ ಮರೆಯಾಗದಿರಲೆಂದು 1971ರಲ್ಲಿ ಕಟ್ಟಡಗಳ ಎತ್ತರವನ್ನು 55 ಅಡಿಗೆ ಮಿತಗೊಳಿಸಲಾಯಿತು. 1976ರಲ್ಲಿ ಹೊಸ ಮನೆಗಳ ಸಂಖ್ಯೆ ವರ್ಷಕ್ಕೆ ಸುಮಾರು ಶೇಕಡ 2ರಷ್ಟು ಮಾತ್ರ ಹೆಚ್ಚಬೇಕೆಂಬ ನಿಯಮವೂ ಬಂದಿತು. ಇವೆಲ್ಲವೂ ಸದುದ್ದೇಶದ ಕ್ರಮಗಳೇ. ಆದರೆ ಅಕ್ಕಪಕ್ಕಕ್ಕೂ ಮೇಲಕ್ಕೂ ಬೆಳೆಯಲಾಗದ ಊರಿನಲ್ಲಿ ಮನೆಯ ಬೆಲೆ ಏರದೆ ಇನ್ನೇನಾದೀತು? ಊರು ಸುಂದರವಾದಷ್ಟೂ ಅಲ್ಲಿ ವಾಸಿಸಬಯಸುವವರು ಹೆಚ್ಚಿದರು. ಸಾಧಾರಣ ವರಮಾನದವರಿಗೆ ಮನೆ ಎಟುಕದಾಯಿತು. ಪರ್ಲ್ ಬೀದಿಯ ಉಪಾಹಾರಗೃಹಗಳಲ್ಲಿ ದುಡಿಯುವವರು, ಶಾಲೆಯ ಉಪಾಧ್ಯಾಯರು, ದಾದಿಯರು ಇವರಲ್ಲಿ ಹಲವರು ಲಾಂಗ್‌ಮಾಂಟ್ ಮುಂತಾದ ನೆರೆಯೂರುಗಳಿಂದ ದಿನವೂ ಬಂದುಹೋಗುತ್ತಾರೆ. ಬಯಲನ್ನು ಉಳಿಸಿದ ಊರೇ ಹೆದ್ದಾರಿಯನ್ನು ಕಾರುಗಳಿಂದ ತುಂಬಿಸಿದಂತಾಯಿತು. ಬೌಲ್ಡರಿನ ಯೋಜಕರು ಈ ಪರಿಣಾಮವನ್ನು ಇನ್ನೂ ಮೊದಲೇ ಮನಗಾಣಬೇಕಾಗಿತ್ತೆಂದು ನನಗೆ ತೋರುತ್ತದೆ.

2000ದಲ್ಲಿ, ಹೊಸದಾಗಿ ಕಟ್ಟುವ ಮನೆಗಳಲ್ಲಿ ಐದರಲ್ಲೊಂದು ಪಾಲು ಕಡಮೆ ವರಮಾನದವರಿಗೆ ಎಟುಕುವಂತಿರಬೇಕೆಂದು ಪುರಸಭೆಯು ವಿಧಿಸಿತು. ವಿದ್ಯಾರ್ಥಿಗಳಿಗೆ ಇನ್ನೊಂದು ತೊಡಕಿದ್ದಿತು. ರಕ್ತಸಂಬಂಧವಿಲ್ಲದವರು ಬಹುತೇಕ ಬಡಾವಣೆಗಳಲ್ಲಿ ಒಂದು ಮನೆಯಲ್ಲಿ ಮೂವರಿಗಿಂತ ಹೆಚ್ಚಾಗಿ ವಾಸಿಸಕೂಡದು! ಇದನ್ನು ಸಡಿಲಿಸುವ ಸೂಚನೆಯನ್ನು 2021ರಲ್ಲಿ ಮತದಾರರು ತಿರಸ್ಕರಿಸಿದರು. 2023ರಲ್ಲಿ ಪುರಸಭೆಯೇ ಮಿತಿಯನ್ನು ಐವರಿಗೆ ಏರಿಸಿತು. ಮರುವರ್ಷ ಕೊಲರಾಡೊ ರಾಜ್ಯದ ಶಾಸನವೊಂದು ಸಂಬಂಧವನ್ನು ಕೇಳಿ ಮನೆವಾಸವನ್ನು ಮಿತಗೊಳಿಸುವ ಇಂತಹ ನಿಯಮಗಳನ್ನು ರದ್ದುಗೊಳಿಸಿತು. 55 ಅಡಿಯ ಮಿತಿಯ ಬಗೆಗೆ ಊರಿನಲ್ಲಿ ಚರ್ಚೆ ಇನ್ನೂ ನಿಂತಿಲ್ಲ.